ಹೇಳದೆ ಬಿಟ್ಟ ಊರು, ಹೇಳಿಯೂ ಬಿಡದ ಊರು

ನಾವು ಹೋಗುವುದಿಲ್ಲ. ಇಲ್ಲೇ ಇರುತ್ತೇವೆ.

ನಿನ್ನೆ ಬೆಳಿಗ್ಗೆಯಿಂದ ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಲಿಫ್ಟಿನಲ್ಲಿ ಸಿಕ್ಕಿದವರಿಗೆ ಹೇಳಿದೆ, ಗೇಟಿನ ಹತ್ತಿರ ಕೂರುವ ಗಾರ್ಡಿಗೆ ಹೇಳಿದೆ, ಹಾಲು ತರಲು ಹೋದ ಅಂಗಡಿಯಲ್ಲಿಯೂ ಹೇಳಿದೆ. ಅಂಗಡಿಯವನಿಗೆ ನಾವು ಹೋಗಲಿಕ್ಕಿದ್ದದ್ದೇ ಗೊತ್ತಿರಲಿಲ್ಲ. ಪಾಪ, ತಲೆಯಾಡಿಸಿ ಚಿಲ್ಲರೆ ಕೊಟ್ಟ. ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ಅವಳು ಇನ್ನೂ ಅದೇ ಶಾಲೆಗೆ ಹೋಗುತ್ತಾಳೆ, ಅದೇ ಟೀಚರ ಹತ್ತಿರ ಬೈಸಿಕೊಳ್ಳುತ್ತಾಳೆ, ಸಂಜೆ ಅದೇ ಮಕ್ಕಳ ಜೊತೆ ಬ್ಯಾಡ್ಮಿಂಟನ್ ಆಡುತ್ತಾಳೆ. ಇಷ್ಟೇ ವಿಷಯ. ಇಷ್ಟಕ್ಕೇ ನನಗೆ ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ. ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಮೊದಲು ಈ ಮನೆಯ ವಿಷಯ. ನಾವಿರುವುದು ಮಲೇಷ್ಯಾದ ಸುಬಾಂಗ್ ಜಯಾದಲ್ಲಿ, ರೈಲು ಸ್ಟೇಷನ್ನಿಗೆ ನಡೆದೇ ಹೋಗಬಹುದಾದ ಒಂದು ದೊಡ್ಡ ಕಟ್ಟಡದ ಫ್ಲ್ಯಾಟಿನಲ್ಲಿ. ಮನೆ ಮಗಳದ್ದು. ಅವಳು ಬಾಂಗ್ಸಾರಿನಲ್ಲಿ ಆಫೀಸಿಗೆ ಹೋಗುತ್ತಾಳೆ. ಅಳಿಯ ಹಾಸನದ ಕಡೆಯವನು. ಅಲ್ಲಿ ಲೆಕ್ಚರರ್ ಆಗಿದ್ದ, ಇಲ್ಲಿ ಮನೆ ನೋಡಿಕೊಳ್ಳುತ್ತಾನೆ, ಮಗುವನ್ನು ಓದಿಸುತ್ತಾನೆ. ಅವನಿಗೆ ನಮ್ಮ ಕೊಂಕಣಿ ಬರುವುದಿಲ್ಲವಾದ್ದರಿಂದ ಮನೆಯ ಮಾತು ಕನ್ನಡ. ನಾನು, ನನ್ನ ಹೆಂಡತಿ ಬೇಕರಿ ಮುಚ್ಚಿ ಮಂಗಳೂರಿನಿಂದ ಬಂದು ಕೆಲವು ವರ್ಷ ಆಯಿತು. ಈ ದೇಶದಲ್ಲಿ ಇರಬೇಕಾದರೆ ಕೆಲಸದ ಪಾಸ್ ಬೇಕು. ಅದು ಇರುವುದು ಮಗಳ ಹೆಸರಿಗೆ. ನಾವೆಲ್ಲ ಆ ಪಾಸಿನ ಬಾಲ ಹಿಡಿದುಕೊಂಡು ಇರುವವರು.

ಇನ್ನು ನನ್ನ ವಿಷಯ. ನನಗೆ ಎಪ್ಪತ್ತು ದಾಟಿತು. ನಾನು ಹುಟ್ಟಿದ್ದು ಮಂಗಳೂರಿನಲ್ಲಿ ಅಲ್ಲ, ಝಾಂಜಿಬಾರಿನಲ್ಲಿ. ಆಫ್ರಿಕಾದ ಕರಾವಳಿಯ ಹತ್ತಿರದ ದ್ವೀಪ. ಅಪ್ಪ ಮೀಸೆ ಬರುವ ವಯಸ್ಸಿನಲ್ಲಿ ಅಲ್ಲಿಗೆ ಹೋಗಿ ಲವಂಗದ ವ್ಯಾಪಾರದಲ್ಲಿ ಮೇಲೆ ಬಂದವರು. ನಮ್ಮದು ಮೂರು ಮಾಳಿಗೆಯ ಕಲ್ಲಿನ ಮನೆ. ಕೆಳಗೆ ಗೋದಾಮು, ಮೇಲೆ ನಾವು. ಲವಂಗ ಬರುವ ಕಾಲದಲ್ಲಿ ಹಾಸಿಗೆ, ಪರದೆ, ಅಮ್ಮನ ಸೀರೆ, ಕುಡಿಯುವ ಹಾಲು ಎಲ್ಲಕ್ಕೂ ಅದೇ ವಾಸನೆ. ಈಗಲೂ ಹಲ್ಲುನೋವಿಗೆ ಯಾರಾದರೂ ಲವಂಗದ ಎಣ್ಣೆ ಹಚ್ಚಿದರೆ ನನಗೆ ನೋವು ಮರೆತುಹೋಗಿ ಮನೆ ನೆನಪಾಗುತ್ತದೆ.

ನಾವು ಶ್ರೀಮಂತರು ಎಂದು ನನಗೆ ಯಾರೂ ಹೇಳಿರಲಿಲ್ಲ. ಎಲ್ಲರ ಮನೆಯಲ್ಲೂ ಹೀಗೆಯೇ ಇರುತ್ತದೆ ಎಂದುಕೊಂಡಿದ್ದೆ. ನಮ್ಮ ಓಣಿಗೆ ಕಾರು ಬರುತ್ತಿರಲಿಲ್ಲ, ಅಷ್ಟು ಸಪೂರ. ಕಾರು ಕಡಲ ದಂಡೆಯ ರಸ್ತೆಯಲ್ಲಿ ನಿಂತಿರುತ್ತಿತ್ತು. ಅಲ್ಲಿಯವರೆಗೆ ನನ್ನ ಪುಸ್ತಕದ ಚೀಲ ಹೊರಲು ಒಬ್ಬ ಆಳು. ಶೂ ಹೊಳೆಯುವ ಹಾಗೆ ಉಜ್ಜಲು ಇನ್ನೊಬ್ಬ. ಅದರ ಲೇಸು ಕಟ್ಟಲು ಆಯಾ. ಶಾಲೆಯಲ್ಲಿ ಸಿಸ್ಟರುಗಳು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದರು. ವಾರಕ್ಕೆರಡು ಸಲ ಒಬ್ಬರು ಬಿಳಿಯ ಹೆಂಗಸು ಪಿಯಾನೋ ಕಲಿಸಲು ಬರುತ್ತಿದ್ದರು. ನಾನು ಬೆರಳು ತಪ್ಪಿಸಿದರೆ ಪೆನ್ಸಿಲಿನಿಂದ ಗೆಣ್ಣಿಗೆ ಮೆಲ್ಲಗೆ ತಟ್ಟುತ್ತಿದ್ದರು, ಮತ್ತೆ ಅಮ್ಮನ ಜೊತೆ ಕೂತು ಕೇಕು ತಿಂದು ಹೋಗುತ್ತಿದ್ದರು. ಅಮ್ಮ ಒಲೆಯ ಹತ್ತಿರ ಹೋದದ್ದನ್ನು ನಾನು ಕಂಡವನಲ್ಲ. ಆ ಲವಂಗದ ಮರ ಹತ್ತುವವರು ಯಾರು, ಅವರು ಎಲ್ಲಿ ಮಲಗುತ್ತಾರೆ, ಅವರ ಮಕ್ಕಳು ಏನು ತಿನ್ನುತ್ತಾರೆ, ಇದು ನನಗೆ ಗೊತ್ತಿರಲಿಲ್ಲ. ಆ ಊರಿನವರಿಗೆ ಸಿಟ್ಟು ಬರಲು ಕಾರಣ ಇತ್ತು ಎಂದು ದೊಡ್ಡವನಾದ ಮೇಲೆ, ನಾನೇ ಇನ್ನೊಬ್ಬರ ಕೈಕೆಳಗೆ ಹಿಟ್ಟು ನಾದುವಾಗ ಅರ್ಥ ಆಯಿತು. ಆಗ ನನ್ನ ಚಿಂತೆ ಸಂಜೆ ಐಸ್‌ಕ್ರೀಂ ಉಂಟೋ ಇಲ್ಲವೋ ಎಂಬುದೊಂದೇ.

ಅಲ್ಲಿದ್ದ ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಒಂದು ಕ್ರಮ ಇತ್ತು. ಯಾರಾದರೂ ಊರಿಗೆಂದು ಹಡಗು ಹತ್ತುವುದಾದರೆ ಮೊದಲು ಮನೆ ಮನೆಗೆ ಹೋಗಿ ಹೇಳಿ ಬರಬೇಕು. ಮಕ್ಕಳನ್ನೂ ಕರೆದುಕೊಂಡು ಹೋಗಬೇಕು. ಹಿರಿಯರಿದ್ದ ಮನೆಯಲ್ಲಿ ತಲೆ ಬಗ್ಗಿಸಿದರೆ ಅವರು ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದು ಆಶೀರ್ವಾದ ಕೊಡುತ್ತಾರೆ. ದಾರಿಗೆಂದು ತಿಂಡಿಯ ಪೊಟ್ಟಣವನ್ನೂ ಕೊಡುತ್ತಾರೆ. ಹೇಳದೆ ಹಡಗು ಹತ್ತಿದವರ ಬಗ್ಗೆ ಹೆಂಗಸರು ವರ್ಷಗಟ್ಟಲೆ ಮಾತಾಡುತ್ತಿದ್ದರು. ನಮ್ಮ ಅಮ್ಮನೂ ಮಾತಾಡುತ್ತಿದ್ದರು.

ಅದು ಒಂದು ಭಾನುವಾರ. ಚರ್ಚಿನ ಪೂಜೆಗೆ ಹೋಗಲು ನನಗೆ ಬಿಳಿ ಅಂಗಿ ಹಾಕಿಸಿ ಆಗಿತ್ತು. ದೂರದಲ್ಲಿ ಪಟಾಕಿಯ ಹಾಗೆ ಶಬ್ದ. ಯಾವ ಹಬ್ಬ ಎಂದು ನಾನು ಕೇಳಿದೆ. ಅಪ್ಪ ಒಂದೊಂದೇ ಕಿಟಕಿ ಹಾಕುತ್ತಾ ಬಂದರು. ರೇಡಿಯೋದಲ್ಲಿ ಯಾರೋ ಜೋರಾಗಿ ಮಾತಾಡುತ್ತಿದ್ದರು. ಸುಲ್ತಾನರು ಹಡಗು ಹತ್ತಿ ಹೋದರಂತೆ, ಕ್ರಾಂತಿ ಆಯಿತಂತೆ. ಸುಲ್ತಾನರೂ ಯಾರಿಗೂ ಹೇಳದೆ ಹೋದರಾ ಎಂದು ನಾನು ಕೇಳಿದ್ದಕ್ಕೆ ಅಮ್ಮ ನನ್ನ ಬಾಯಿ ಮುಚ್ಚಿದರು. ಎಷ್ಟೋ ದಿನ ನಾವು ಕಿಟಕಿ ತೆರೆಯಲಿಲ್ಲ. ಅನ್ನ, ಬೇಳೆ, ಡಬ್ಬಿಯ ಮೀನು. ಆಳುಗಳಲ್ಲಿ ಒಬ್ಬೊಬ್ಬರೇ ಬರುವುದು ನಿಲ್ಲಿಸಿದರು. ಆಯಾ ಒಬ್ಬಳೇ ಬರುತ್ತಿದ್ದಳು. ಅವಳು ಹೇಗೆ ಬರುತ್ತಿದ್ದಳು, ದಾರಿಯಲ್ಲಿ ಏನು ನೋಡಿಕೊಂಡು ಬರುತ್ತಿದ್ದಳು ಎಂದು ಯಾರಿಗೂ ಹೇಳಲಿಲ್ಲ.

ಆಮೇಲೆ ಗೋದಾಮಿಗೆ ಬೀಗ ಬಿತ್ತು, ಅದು ನಮ್ಮ ಬೀಗ ಅಲ್ಲ, ಹೊಸ ಸರಕಾರದ್ದು. ಅಪ್ಪನನ್ನು ಕರೆಸಿದರು, ಕಳುಹಿಸಿದರು, ಮತ್ತೆ ಕರೆಸಿದರು. ಹೀಗೆ ತಿಂಗಳುಗಳು ಹೋದವು. ಒಂದು ದಿನ ಅಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡು, ಮಂಗಳೂರಿನಲ್ಲಿ ಸಣ್ಣ ಮಾವನ ಮದುವೆ ಉಂಟು, ಎಲ್ಲರೂ ಹೋಗಿ ಊಟ ಮಾಡಿ ಬರುವ ಎಂದರು. ನನಗೆ ಖುಷಿಯೋ ಖುಷಿ. ಮನೆ ಮನೆಗೆ ಹೇಳಲಿಕ್ಕೆ ಯಾವಾಗ ಹೋಗುವುದು ಎಂದು ಕೇಳಿದೆ. ಈ ಸಲ ಹೇಳುವುದು ಬೇಡ, ಬೇಗ ಬರುತ್ತೇವಲ್ಲ ಎಂದರು.

ಹಾಗಾಗಿ ನಾನು ಯಾರಿಗೂ ಹೇಳಲಿಲ್ಲ. ಪಕ್ಕದ ಓಣಿಯ ನನ್ನ ಗೆಳೆಯನ ಹತ್ತಿರ ನನ್ನ ಗಾಳಿಪಟ ಇತ್ತು. ಬಂದ ಮೇಲೆ ತೆಗೆದುಕೊಂಡರಾಯಿತು ಎಂದು ಬಿಟ್ಟೆ. ಆಯಾ ಕೊನೆಯ ದಿನ ನನ್ನ ಶೂ ಕಟ್ಟಿದಳು. ಕಟ್ಟಿದ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಪುನಃ ಬಿಚ್ಚಿ ಕಟ್ಟಿದಳು. ಹಡಗು ತಪ್ಪುತ್ತದೆ ಎಂದು ನಾನು ಕಾಲು ಎಳೆದುಕೊಂಡೆ. ಬರುವಾಗ ಮಾಂದಾಜಿ ಮಾಡಿಡು ಎಂದೆ. ಅದು ಅಲ್ಲಿಯ ಕರಿದ ಸಿಹಿ ರೊಟ್ಟಿ, ಅವಳು ತೆಂಗಿನ ಹಾಲು ಹಾಕಿ ಮಾಡುತ್ತಿದ್ದಳು. ಆಗಲಿ ಎಂದಳು. ಅವಳಿಗೆ ಗೊತ್ತಿತ್ತು, ನನಗೊಬ್ಬನಿಗೆ ಗೊತ್ತಿರಲಿಲ್ಲ.

ಮಂಗಳೂರಿನಲ್ಲಿ ಅಜ್ಜಿಯ ಮನೆ ಮುಟ್ಟಿದಾಗ ಚಪ್ಪರ ಇರಲಿಲ್ಲ. ಅಡುಗೆಯವರೂ ಇರಲಿಲ್ಲ. ಮದುವೆ ಯಾವಾಗ ಎಂದು ಕೇಳಿದೆ. ಇನ್ನೂ ಸಮಯ ಉಂಟು ಎಂದರು. ಮರುದಿನ ಕೇಳಿದೆ, ಅದರ ಮರುದಿನವೂ ಕೇಳಿದೆ. ನನ್ನ ಮಾವಂದಿರ, ಚಿಕ್ಕಮ್ಮಂದಿರ ಮಕ್ಕಳಿಗೆ ಅದೊಂದು ತಮಾಷೆಯಾಯಿತು. ನನಗೆ ಮದುಮಗ ಎಂದು ಹೆಸರಿಟ್ಟರು. ಶಾಲೆಗೆ ಸೇರಿದ ಮೇಲೆ ಆ ಹೆಸರು ನನಗಿಂತ ಮೊದಲು ಅಲ್ಲಿಗೆ ಹೋಗಿ ಕೂತಿತ್ತು. ಯಾವ ದಿನ ನಾನು ಕೇಳುವುದು ಬಿಟ್ಟೆ ಎಂದು ನೆನಪಿಲ್ಲ. ವಾಪಸು ಹೋಗುವುದಿಲ್ಲ ಎಂದು ಮಾತ್ರ ನನಗೆ ಯಾರೂ, ಯಾವತ್ತೂ ಹೇಳಲಿಲ್ಲ. ಅಪ್ಪ ಸಾಯುವವರೆಗೂ ಆ ಮಾತು ನಮ್ಮ ನಡುವೆ ಬರಲಿಲ್ಲ.

ಶಾಲೆ ಎಂದರೆ ಹೀಗೆ. ನನಗೆ ಇಂಗ್ಲಿಷ್ ಬರುತ್ತಿತ್ತು, ಸ್ವಾಹಿಲಿ ಬರುತ್ತಿತ್ತು, ಮನೆಯ ಕೊಂಕಣಿ ಬರುತ್ತಿತ್ತು. ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂರಿಸಿದರು. ಬೆಂಚು ಎಷ್ಟು ಗಿಡ್ಡ ಇತ್ತೆಂದರೆ ಮೊಣಕಾಲು ಎದೆಗೆ ತಾಗುತ್ತಿತ್ತು. ಪಕ್ಕದಲ್ಲಿ ಕೂತವನ ಮೂಗು ಒರೆಸುವುದು ನನ್ನ ಕೆಲಸ. ಆದರೂ ಕಲಿತೆ. ಐದನೇ ಕ್ಲಾಸಿನವರೆಗೆ ಎಳೆದೆ, ಆಮೇಲೆ ಸಾಕಾಯಿತು, ಮನೆಯಲ್ಲೂ ಕೈ ಬೇಕಿತ್ತು. ನನಗೆ ನಾಲ್ಕನೆಯದಾಗಿ ಬಂದ ಭಾಷೆ ಇದು. ಆದರೆ ಸರಿಯಾಗಿ ಓದಿ ಬರೆಯಲು ಬರುವುದು ಇದೊಂದೇ. ಪಿಯಾನೋ ಕಲಿತ ಬೆರಳು ದೂರದ ಸಂಬಂಧದವರ ಬೇಕರಿಯಲ್ಲಿ ಹಿಟ್ಟಿಗೆ ಬಿದ್ದವು. ಅಲ್ಲಿ ನಾನು ಚೆನ್ನಾಗಿಯೇ ಇದ್ದೆ, ಸುಳ್ಳು ಹೇಳುವುದಿಲ್ಲ. ಬಿಸಿ ಬನ್ನಿನ ಹತ್ತಿರ ಬೆಳೆದವನಿಗೆ ಬೇಜಾರು ಹೆಚ್ಚು ದಿನ ನಿಲ್ಲುವುದಿಲ್ಲ. ಅಮ್ಮ ತನ್ನ ತಂಗಿಯ ಹತ್ತಿರ ಗಂಜಿ ಬೇಯಿಸಲು ಕಲಿತರು. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾದರು. ಅವರು ಮಾಡುತ್ತಿದ್ದ ಒಂದು ಕೆಲಸ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಶನಿವಾರ ಸಂಜೆ ಜಗಲಿಯಲ್ಲಿ ಕೂತು ಮನೆಯವರೆಲ್ಲರ ಶೂ ಚಪ್ಪಲಿಗೆ ಪಾಲಿಶ್ ಹಾಕುತ್ತಿದ್ದರು. ಮೊದಮೊದಲು ಬಣ್ಣ ದಪ್ಪಕ್ಕೆ ಮೆತ್ತಿ ನಮ್ಮ ಕಾಲುಚೀಲವೆಲ್ಲ ಕಪ್ಪಾಗುತ್ತಿತ್ತು. ಬರಬರುತ್ತಾ ಕೈ ಕುದುರಿತು.

ಬೇಕರಿಯ ಕೌಂಟರಿನಲ್ಲಿದ್ದ ಹುಡುಗಿಯನ್ನೇ ಮದುವೆಯಾದೆ. ನಿಜವಾಗಿ ಮದುಮಗನಾದ ದಿನ ನನ್ನ ಹಳೆಯ ಗೆಳೆಯರು ಸಾಲಾಗಿ ನಿಂತು ಮದುವೆ ಯಾವಾಗ ಎಂದು ಕೇಳಿದರು. ಆಮೇಲೆ ನಮ್ಮದೇ ಸಣ್ಣ ಬೇಕರಿ ಆಯಿತು, ಒಬ್ಬಳೇ ಮಗಳು ಓದಿದಳು, ಇಲ್ಲಿಗೆ ಬಂದಳು. ಅದನ್ನೆಲ್ಲ ಉದ್ದ ಮಾಡುವುದಿಲ್ಲ.

ಈಗ ಕೆಲವು ತಿಂಗಳ ಹಿಂದೆ ಮಗಳ ಕಂಪನಿಯವರು ಇಲ್ಲಿಯ ಆಫೀಸು ಮುಚ್ಚುತ್ತೇವೆ ಎಂದರು. ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಆದರೆ ಪಾಸ್ ಹೊಸದಾಗಿ ಆಗಬೇಕು, ಪುತ್ರಜಯಾದ ಸರಕಾರಿ ಕಚೇರಿಯಿಂದ ಒಪ್ಪಿಗೆ ಬರಬೇಕು. ಬಂದರೆ ಇರುವುದು, ಹಳೆಯ ಪಾಸ್ ಮುಗಿಯುವ ಮೊದಲು ಬಾರದಿದ್ದರೆ ಗಂಟು ಕಟ್ಟುವುದು. ಮಗಳು ನಮ್ಮ ಮೂವರನ್ನು, ಎಂದರೆ ನನ್ನನ್ನು, ಹೆಂಡತಿಯನ್ನು, ಅಳಿಯನನ್ನು ಕೂರಿಸಿ ಇಷ್ಟನ್ನು ಹೇಳಿದಳು. ಕೊನೆಗೆ ಹೇಳಿದ ಮಾತು ಇದು:

"ಪಪ್ಪ, ಪುಟ್ಟಿಗೆ ಮಾತ್ರ ಏನೂ ಹೇಳಬೇಡಿ. ಪಾಸ್ ಆಗದಿದ್ರೆ ರಜೆಗೆ ಮಂಗಳೂರಿಗೆ ಹೋಗುವ ಅಂತ ಹೇಳಿ ಕರ್ಕೊಂಡು ಹೋಗುವ. ಅಲ್ಲಿ ನಿಧಾನ ಹೇಳಿದ್ರೆ ಆಯ್ತು."

ಮಗಳಿಗೆ ನನ್ನ ಕಥೆ ಗೊತ್ತಿಲ್ಲ. ಪಪ್ಪ ಆಫ್ರಿಕಾದಲ್ಲಿ ಹುಟ್ಟಿದವರು, ಗಲಾಟೆಯಾಗಿ ಬಂದರು, ಇಷ್ಟೇ ಅವಳಿಗೆ ಗೊತ್ತಿದ್ದದ್ದು. ಆ ಮದುವೆಯ ಮಾತು ನಾನು ಅವಳಿಗೆ ಹೇಳಿದವನಲ್ಲ. ಹೇಳಲಿಕ್ಕೆ ಅದೇನು ದೊಡ್ಡ ವಿಷಯ? ಊರು ಹೋಯಿತು, ಮನೆ ಹೋಯಿತು, ಅದರ ಎದುರು ಮಗುವಿಗೆ ಹೇಳಿದ ಒಂದು ಸುಳ್ಳು ಎಷ್ಟರದ್ದು? ಆದರೆ ಮೊಮ್ಮಗಳು ಬ್ಯಾಡ್ಮಿಂಟನ್ ಟೀಮಿಗೆ ಸೇರಲು ಓಡಾಡುತ್ತಿದ್ದಳು, ಮುಂದಿನ ವರ್ಷದ ಮಾತಾಡುತ್ತಿದ್ದಳು. ನಾವು ದೊಡ್ಡವರು ಆಗಲಿ ಆಗಲಿ ಎನ್ನುತ್ತಿದ್ದೆವು. ಪ್ರತಿ ಸಲ ಆಗಲಿ ಎಂದಾಗಲೂ ನನಗೆ ಆಯಾ ನೆನಪಾಗುತ್ತಿದ್ದಳು.

ಅವಳಿಗೆ ಹೇಳುವುದು ಒಳ್ಳೆಯದು ಎಂದು ಹೆಂಡತಿಯ ಹತ್ತಿರ ಎರಡು ಮೂರು ಸಲ ತೆಗೆದೆ. ನನ್ನ ಹೊಟ್ಟೆಯಲ್ಲಿ ಮಾತು ಹುಳಿ ಬಂದ ಹಿಟ್ಟಿನ ಹಾಗೆ ಉಬ್ಬುತ್ತದೆ, ಅದು ಅವಳಿಗೆ ಮದುವೆಯಾದಂದಿನಿಂದ ಗೊತ್ತು. "ಮಗಳ ಮನೆ ಮಾರಾಯ್ರೆ ಇದು, ನಿಮ್ಮ ಬೇಕರಿ ಅಲ್ಲ," ಎಂದಳು. "ಬಾಯಿಗೊಂದು ಬನ್ ಇಟ್ಟು ಕೂತುಕೊಳ್ಳಿ."

ಬನ್ ಇಟ್ಟು ಕೂರಲು ನನ್ನಿಂದ ಆಗಲಿಲ್ಲ.

ಶಾಲೆಯ ವ್ಯಾನ್ ಮೊಮ್ಮಗಳನ್ನು ಗೇಟಿನ ಹತ್ತಿರ ಇಳಿಸುತ್ತದೆ. ಕರೆದುಕೊಂಡು ಬರುವುದು ನನ್ನ ಕೆಲಸ. ಪಕ್ಕದಲ್ಲೇ ಮಾಮಕ್ ಅಂಗಡಿ, ಎಂದರೆ ತಮಿಳು ಮುಸಲ್ಮಾನರ ಚಹಾ ರೊಟ್ಟಿಯ ಹೋಟೆಲು. ನನಗೆ ಚಹಾ, ಅವಳಿಗೆ ಐಸ್ ಹಾಕಿದ ಮೈಲೋ, ಚಾಕೊಲೇಟಿನ ಪಾನೀಯ. ಒಂದು ಮಧ್ಯಾಹ್ನ ಅಲ್ಲಿ ಕೂತು ಹೇಳಿದೆ. ಅಮ್ಮನ ಕೆಲಸದ ವಿಷಯ, ಪಾಸಿನ ವಿಷಯ, ಆಗದಿದ್ದರೆ ನಾವು ಇಲ್ಲಿಂದ ಹೋಗಬೇಕು ಎಂಬ ವಿಷಯ. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಸ್ಟ್ರಾ ಬಾಯಿಂದ ತೆಗೆಯದೆ ಕೇಳಿದಳು.

"ಆರ್ ವಿ ಕಮಿಂಗ್ ಬ್ಯಾಕ್, ಅಜ್ಜ?"

"ಹೋದರೆ, ವಾಪಸು ಬರಲಿಕ್ಕಿಲ್ಲ ಮಗಾ."

ಗ್ಲಾಸಿನ ತಳದ ಐಸನ್ನು ಸ್ವಲ್ಪ ಹೊತ್ತು ಕುಟ್ಟಿದಳು. ಆಮೇಲೆ, ತನಗೆ ಗೊತ್ತು ಎಂಬುದು ಮಮ್ಮಿಗೆ ಗೊತ್ತುಂಟಾ ಎಂದು ಕೇಳಿದಳು. ಇಲ್ಲ ಎಂದೆ. "ಓಕೆ ಲಾ," ಎಂದಳು. ಲಾ ಎಂದು ಬಾಲ ಸೇರಿಸುವುದು ಇಲ್ಲಿಯ ಮಕ್ಕಳಿಗೆ ಉಸಿರಾಡಿದ ಹಾಗೆ.

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಹೋಗುವ ಮೊದಲು ಮನೆ ಮನೆಗೆ ಹೇಳುವ ನಮ್ಮ ಕ್ರಮವನ್ನೂ ಅವಳಿಗೆ ಹೇಳಿಬಿಟ್ಟೆ. ಅವಳಿಗೆ ಅದು ಬಹಳ ಹಿಡಿಸಿತು. ಯಾರು ಯಾರಿಗೆ ಹೇಳಬೇಕು, ಯಾರಿಗೆ ಏನು ಕೊಡಬೇಕು ಎಲ್ಲ ಅವಳೇ ನಿಶ್ಚಯ ಮಾಡಿದಳು. ಪಾಸ್ ಆಗಲೂಬಹುದು, ಸ್ವಲ್ಪ ಕಾಯುವ ಎಂದು ನಾನು ಹೇಳಬೇಕಿತ್ತು. ಹೊಳೆಯಲಿಲ್ಲ. ಹೋಗುವುದು ಎಂದ ಕೂಡಲೇ ನನ್ನ ತಲೆಯಲ್ಲಿ ಹಡಗು ಹೊರಟೇಬಿಟ್ಟಿತ್ತು.

ಮೊದಲು ಎದುರುಮನೆಯ ತಮಿಳು ಅಕ್ಕ. ಮೊಮ್ಮಗಳು ತಲೆ ಬಗ್ಗಿಸಿದಾಗ ಆ ಅಕ್ಕ ಒಳಗೆ ಹೋಗಿ ವಿಭೂತಿ ತಂದು ಇಬ್ಬರ ಹಣೆಗೂ ಹಚ್ಚಿದರು. ನಾನು ಒರೆಸಲಿಲ್ಲ. ಒಂದು ಡಬ್ಬಿ ಮುರುಕ್ಕು ಕೊಟ್ಟರು. ಅವರ ಸಣ್ಣ ಮಗನಿಗೆ ನಮ್ಮವಳು ತನ್ನ ಸೈಕಲ್ ಕೊಟ್ಟಳು. ಆಮೇಲೆ ಮೇಲಿನ ಮಾಳಿಗೆಯ ಚೀನೀ ಅಂಕಲ್, ಮನೆ ತುಂಬ ಮೀನಿನ ತೊಟ್ಟಿ ಇಟ್ಟುಕೊಂಡವರು. ತಲೆ ಬಗ್ಗಿಸಿದ್ದು ಯಾಕೆ ಎಂದು ಅವರಿಗೆ ತಿಳಿಯಲಿಲ್ಲ. ಕೂದಲಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ ಎಂದು ಬಗ್ಗಿ ನೋಡಿದರು. ನಾನು ನನ್ನಲ್ಲಿ ಉಳಿದ ಮುರುಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ ಮೇಲೆ ಅವಳ ತಲೆಯ ಮೇಲೆ ಕೈಯಿಟ್ಟರು. ಅವರಿಗೆ ನಮ್ಮವಳು ತನ್ನ ಗಪ್ಪಿ ಮೀನುಗಳನ್ನು ಕೊಟ್ಟಳು, ಅವರು ಅನಾನಸಿನ ಬಿಸ್ಕತ್ತು ಕೊಟ್ಟರು. ಮಗಳಿಗೆ ಮೀನಿನ ಕಡೆ ನೋಡಲೂ ಪುರುಸೊತ್ತಿರಲಿಲ್ಲ. ಅಳಿಯ ಕೇಳಿದಾಗ, ಅಂಕಲ್ ತೊಟ್ಟಿ ತೊಳೆದು ಕೊಡುತ್ತಾರೆ ಎಂದೆವು. ಬಿಸ್ಕತ್ತು, ಮುರುಕ್ಕು ಎಲ್ಲಿಂದ ಬರುತ್ತಿದೆ ಎಂದು ಹೆಂಡತಿ ಕೇಳಲಿಲ್ಲ, ತಿನ್ನುತ್ತಾ ನನ್ನ ಮುಖ ನೋಡಿದಳು.

ಮೊಮ್ಮಗಳು ಶಾಲೆಯಲ್ಲಿ ಒಬ್ಬಳೇ ಹೇಳಿದಳು. ಅದರಿಂದಲೇ ಗುಟ್ಟು ಹೊರಗೆ ಬಿತ್ತು. ಟೀಚರಮ್ಮ ಒಳ್ಳೆಯವರು, ಕ್ಲಾಸಿನವರನ್ನೆಲ್ಲ ಸೇರಿಸಿ ಕೇಕು ತರಿಸಿ, ಬೋರ್ಡಿನ ಮೇಲೆ ಹೂ ಬರೆದು ಬೀಳ್ಕೊಟ್ಟು, ಅದರ ಫೋಟೋವನ್ನು ಮಗಳ ಫೋನಿಗೆ ಕಳುಹಿಸಿದರು. ನಿಮ್ಮನ್ನು ಕಳೆದುಕೊಳ್ಳಲು ಬೇಸರವಾಗುತ್ತದೆ ಎಂದೂ ಬರೆದಿದ್ದರಂತೆ.

ಆ ಸಂಜೆ ಮಗಳು ಆಫೀಸಿನ ಚೀಲವನ್ನೂ ಕೆಳಗಿಡದೆ ಅಡುಗೆಮನೆಗೆ ಬಂದಳು. ನಾನು ತೆಂಗಿನಕಾಯಿ ಒಡೆಯುತ್ತಿದ್ದೆ.

"ಹೇಳಬೇಡಿ ಅಂದಿದ್ದೆ ಅಲ್ವಾ ಪಪ್ಪ? ಪಾಸ್ ಬಂದ್ರೆ ಎಂತ ಮಾಡುವುದು? ಬರದಿದ್ರೆ ಹೇಗೂ ಅಳುವುದು ಉಂಟು. ಈಗಲೇ ಯಾಕೆ ಅಳಿಸುವುದು?"

"ಅವಳು ಅಳಲಿಲ್ಲ," ಎಂದೆ.

"ನಿಮ್ಮ ಎದುರು ಅಳಲಿಲ್ಲ. ಮೊನ್ನೆ ಮಲಗುವಾಗ ಮೀನಿಗೆ ನೆನಪು ಇರ್ತದಾ ಅಂತ ಕೇಳಿದಳು. ಎಂತಕ್ಕೆ ಕೇಳಿದ್ದು ಅಂತ ಈಗ ಗೊತ್ತಾಯ್ತು."

ಆಗ ನಾನು ಹೇಳಿದೆ. ತೆಂಗಿನಕಾಯಿ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. ಗಾಳಿಪಟ, ಆಯಾ ಮೂರು ಸಲ ಕಟ್ಟಿದ ಲೇಸು, ಚಪ್ಪರ ಇಲ್ಲದ ಮನೆ, ಶಾಲೆಯಲ್ಲಿ ನನ್ನ ಹೆಸರು, ಎಲ್ಲ. ಊರು ಬಿಟ್ಟದ್ದಕ್ಕೆ ನನಗೆ ಅಪ್ಪನ ಮೇಲೆ ಸಿಟ್ಟಿಲ್ಲ, ಬೇರೆ ದಾರಿ ಇರಲಿಲ್ಲ ಎಂದೆ. ಆದರೆ ನಾನು ಆ ಊರಿನಿಂದ ಪೂರ್ತಿ ಹೊರಟೇ ಇಲ್ಲ, ಮದುವೆ ಊಟ ಮುಗಿಸಿ ವಾಪಸು ಹೋಗಲಿಕ್ಕಿರುವವನ ಹಾಗೆ ಎಷ್ಟೋ ವರ್ಷ ಇದ್ದೆ ಎಂದೆ. ಮಗಳು ಚೀಲ ಕೆಳಗಿಟ್ಟಳು.

"ಮದುವೆ ಯಾರದ್ದು ಅಂತ ಹೇಳಿದ್ರು?"

"ಸಣ್ಣ ಮಾವನದ್ದು."

"ಅವರಿಗೆ ಆಗ ಮದುವೆ ಆಗಿರಲಿಲ್ವಾ?"

"ಆಗಿತ್ತು. ಎರಡು ಮಕ್ಕಳೂ ಇದ್ದರು. ಆ ಮಕ್ಕಳೇ ನನ್ನನ್ನು ಮದುಮಗ ಅಂತ ಕರೀತಿದ್ದದ್ದು."

ಅವಳಿಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಆ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. ನನ್ನ ಕೈಯಿಂದ ತೆಂಗಿನಕಾಯಿ ತೆಗೆದುಕೊಂಡು ತುರಿಯಲು ಕೂತಳು. ಮಗುವಿನ ಹತ್ತಿರ ತಾನೇ ಮಾತಾಡುತ್ತೇನೆ ಎಂದಳು, ಆ ದಿನವೇ ಮಾತಾಡಿದಳು. ಅಲ್ಲಿಂದ ಮುಂದೆ ಕಾಯುವ ಕೆಲಸ ನಾವು ಐವರೂ ಸೇರಿ ಮಾಡಿದೆವು. ಮಗಳ ಫೋನು ಬಂದಾಗಲೆಲ್ಲ ಮೊಮ್ಮಗಳು ಕಣ್ಣೆತ್ತಿ ನೋಡುತ್ತಿದ್ದಳು, ಇಲ್ಲ ಎಂದು ತಲೆಯಾಡಿಸಿದರೆ ಮತ್ತೆ ತನ್ನ ಪುಸ್ತಕಕ್ಕೆ ಬಗ್ಗುತ್ತಿದ್ದಳು. ಸೂಟ್‌ಕೇಸುಗಳನ್ನು ಅಳಿಯ ಕಪಾಟಿನ ಮೇಲಿನಿಂದ ಇಳಿಸಿ ಒರೆಸಿಟ್ಟ.

ನಿನ್ನೆ ಬೆಳಿಗ್ಗೆ ಮಗಳು ಆಫೀಸಿನಿಂದ ಫೋನ್ ಮಾಡಿದಳು. "ಪಪ್ಪ, ಬಂತು," ಎಂದಳು. ಅಷ್ಟೇ ಹೇಳಲು ಆದದ್ದು ಅವಳಿಗೆ. ಅಳಿಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವನು ಒದ್ದೆ ಬಟ್ಟೆಯ ಬಕೆಟಿನ ಮೇಲೆಯೇ ಕೂತುಬಿಟ್ಟ. ಹೆಂಡತಿ ಒಲೆ ಆರಿಸಿ, ಶಿಲುಬೆಯ ಗುರುತು ಹಾಕಿ, ಮತ್ತೆ ಒಲೆ ಹಚ್ಚಿದಳು. ಮಗುವಿಗೆ ಯಾರು ಹೇಳುವುದು ಎಂದು ಕೇಳಿದ್ದಕ್ಕೆ ಮಗಳು ಫೋನಿನಲ್ಲಿ, ನೀವೇ ಹೇಳಿ, ಶುರು ಮಾಡಿದ್ದು ನೀವಲ್ವಾ ಎಂದಳು. ಅದು ಬೈಗುಳವೋ ಪ್ರೀತಿಯೋ ನಾನು ವಿ‌ಚಾರಿಸಲು ಹೋಗಲಿಲ್ಲ.

ವ್ಯಾನ್ ಬರುವ ಎಷ್ಟೋ ಮೊದಲೇ ಹೋಗಿ ಗೇಟಿನಲ್ಲಿ ನಿಂತೆ. ಇಳಿದ ಕೂಡಲೇ ಹೇಳಿದೆ. ಅವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಚೀಲದ ಪಟ್ಟಿ ಹಿಡಿದುಕೊಂಡು ನಿಂತಳು. ಮುಖ ಕೆಂಪಾಯಿತು.

"ಬಟ್ ಐ ಆಲ್‌ರೆಡಿ ಸೆಡ್ ಗುಡ್‌ಬೈ ಟು ಎವ್ರಿಬಡಿ," ಎಂದಳು. ಕೇಕು ತಿಂದಾಗಿದೆ, ರ್‍ಯಾಕೆಟ್ ಗೆಳತಿಗೆ ಕೊಟ್ಟಾಗಿದೆ, ಇನ್ನು ಹೇಗೆ ಮುಖ ತೋರಿಸುವುದು ಎಂದು ಅವಳ ಚಿಂತೆ. ನನಗೆ ನಮ್ಮ ಅಮ್ಮ ನೆನಪಾದರು. ಹೇಳದೆ ಹೋದದ್ದಕ್ಕೆ ಅವರು ಪಟ್ಟ ನಾಚಿಕೆ ನಾನು ನೋಡಿದ್ದೇನೆ. ಹೇಳಿ, ಹೋಗದೆ ಉಳಿದವರ ನಾಚಿಕೆ ನಮ್ಮ ವಂಶದಲ್ಲಿ ಇವಳೇ ಮೊದಲು ಕಂಡದ್ದು. ಇಂಥ ನಾಚಿಕೆ ಎಷ್ಟು ಬೇಕಾದರೂ ಬರಲಿ. ನಾನು ನಗು ತಡೆಯಲಾರದೆ ನಕ್ಕೆ. ಅವಳು ಸಿಟ್ಟಿನಿಂದ ನೋಡಿದಳು. ಆಮೇಲೆ ಕನ್ನಡದಲ್ಲಿ ಹೇಳಿದಳು, ಒಂದೊಂದೇ ಪದ ಹುಡುಕಿ:

"ಅಜ್ಜ, ನೀವೂ ಬರಬೇಕು. ನಾನು ಒಬ್ಬಳೇ ಹೇಳುವುದಿಲ್ಲ."

ಅದಕ್ಕೆ ಪುನಃ ಮನೆ ಮನೆಗೆ ಹೊರಟೆವು. ಬರಿಗೈಯಲ್ಲಿ ಹೇಗೆ ಹೋಗುವುದು? ಈ ಮನೆಯ ಸಣ್ಣ ಓವನಿನಲ್ಲಿ ಮಧ್ಯಾಹ್ನವೇ ನಾನು ಬನ್ ಬೇಯಿಸಿದ್ದೆ. ಖುಷಿಯಲ್ಲಿ ಸಕ್ಕರೆ ಸ್ವಲ್ಪ ಹೆಚ್ಚೇ ಬಿದ್ದಿತ್ತು. ತಮಿಳು ಅಕ್ಕ ಬಾಗಿಲಲ್ಲೇ ನಮ್ಮವಳ ಕೆನ್ನೆ ಹಿಡಿದು ಮುದ್ದು ಮಾಡಿದರು. ಸೈಕಲ್ ವಾಪಸು ಕೊಡುತ್ತೇವೆ ಎಂದಾಗ ಅವರ ಮಗ ಅದರ ಹ್ಯಾಂಡಲ್ ತಬ್ಬಿಕೊಂಡು ಕೂತುಬಿಟ್ಟ. ನಮ್ಮವಳು, ಇರಲಿ, ಹ್ಯಾಂಡಲಿಗೆ ನನ್ನ ಮೊಣಕಾಲು ತಾಗುತ್ತಿತ್ತು ಎಂದಳು. ಚೀನೀ ಅಂಕಲ್ ಎಲ್ಲ ಕೇಳಿಕೊಂಡು, ನಿಮ್ಮವರಲ್ಲಿ ಹೋಗುವುದಿಲ್ಲ ಎಂದು ಹೇಳಲಿಕ್ಕೂ ತಲೆ ಬಗ್ಗಿಸಬೇಕಾ ಎಂದು ಕೇಳಿದರು. ಆಮೇಲೆ ತೊಟ್ಟಿ ತೋರಿಸಿದರು. ಗಪ್ಪಿಗಳು ಮರಿ ಹಾಕಿದ್ದವು. ಮರಿಗಳನ್ನೂ ಸೇರಿಸಿ ತೆಗೆದುಕೊಂಡು ಹೋಗು, ನನ್ನಲ್ಲಿ ಜಾಗ ಇಲ್ಲ ಎಂದರು. ಶಾಲೆಯ ಟೀಚರಮ್ಮನಿಗೆ ಅಳಿಯ ಫೋನ್ ಮಾಡಿದ. ಅವರು ಆ ಕಡೆಯಿಂದ ನಕ್ಕದ್ದು ನಮಗೂ ಕೇಳಿಸಿತು. ಕೇಕಿಗೆ ಬದಲು ಅಜ್ಜನ ಬನ್ ಕ್ಲಾಸಿಗೆಲ್ಲ ಬರಬೇಕಂತೆ. ಬರುತ್ತದೆ, ಬೇಕಾದಷ್ಟು ಬರುತ್ತದೆ.

ಸಂಜೆ ಮಗಳು ರೈಲಿಳಿದು ಬರುವಾಗ ದಾರಿಯಲ್ಲಿ ಮಾಮಕ್‌ನಿಂದ ರೊಟ್ಟಿ ತಪಾವ್ ಮಾಡಿಸಿ, ಅಂದರೆ ಕಟ್ಟಿಸಿಕೊಂಡು ತಂದಳು. ಹೆಂಡತಿ ಕೋಳಿ ಸಾರು, ಇಡ್ಲಿಯ ಹಾಗಿನ ಅಕ್ಕಿಯ ಸನ್ನ ಮಾಡಿದ್ದಳು. ಮೇಜಿಗೆ ನಾಲ್ಕೇ ಕುರ್ಚಿ, ನಾನು ಸ್ಟೂಲಿನ ಮೇಲೆ ಕೂತೆ. ಪ್ರಾರ್ಥನೆಯನ್ನು ಅಳಿಯ ಹೇಳಿದ. ಊಟ ಶುರುವಾಗಿ ಸ್ವಲ್ಪ ಹೊತ್ತಿಗೆ ಮೊಮ್ಮಗಳು, ಈ ಪಾಸ್ ಎಷ್ಟು ದಿನಕ್ಕೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಯಾರೂ ಸಾರು ಬಡಿಸುವ ನೆಪ ಮಾಡಲಿಲ್ಲ.

"ಎರಡು ವರ್ಷಕ್ಕೆ," ಎಂದಳು ಮಗಳು.

"ಆಫ್ಟರ್ ದ್ಯಾಟ್?"

"ಗೊತ್ತಿಲ್ಲ ಪುಟ್ಟಿ. ಗೊತ್ತಾದ ದಿನ ನಿನಗೆ ಹೇಳ್ತೇನೆ. ಅಜ್ಜನಿಗಿಂತ ಮೊದಲು ಹೇಳ್ತೇನೆ."

ಮೊಮ್ಮಗಳು ನನ್ನ ಕಡೆ ನೋಡಿದಳು. ಅದೇ ಸರಿ, ನನಗೆ ಕೊನೆಗೆ ಹೇಳಿ ಎಂದೆ. ಹೆಂಡತಿ, ಇವರಿಗೆ ಹೇಳುವುದೂ ಒಂದೇ, ಪೇಪರಿನಲ್ಲಿ ಹಾಕುವುದೂ ಒಂದೇ ಎಂದಳು. ಅಳಿಯ ನಕ್ಕು ನಕ್ಕು ಕೆಮ್ಮಿದ, ಅವನ ಬೆನ್ನು ತಟ್ಟಬೇಕಾಯಿತು. ಮೊಮ್ಮಗಳು ತಟ್ಟೆ ಮುಂದೆ ಚಾಚಿ ಇನ್ನೊಂದು ಸನ್ನ ಕೇಳಿದಳು. ಮಗಳು ಅದನ್ನು ಬಡಿಸಿ, ತನಗೂ ಒಂದು ಹಾಕಿಕೊಂಡು, ಸಾರಿನ ಪಾತ್ರೆಯನ್ನು ನನ್ನ ಕಡೆ ದೂಡಿದಳು. ನಾವು ಐವರೂ ಊಟ ಮಾಡಿದೆವು.